ಎಲ್ಲರ ಪಾಸ್‌ವರ್ಡ್ ಒಂದೇ ಸಲ ಬದಲಿಸಿದವನು

"ಗುರುಗಳೇ, ನಾಳೆಯ ದೀಕ್ಷೆಗೆ ಅಂಗಳ ತುಂಬುವಷ್ಟು ಜನ ಬಂದಿದ್ದಾರೆ. ಎಲ್ಲರಿಗೂ ಕೊಡುವ ಮಂತ್ರ ಒಂದೇ. ಒಬ್ಬೊಬ್ಬರ ಕಿವಿಯಲ್ಲಿ ಹೇಳುವ ಬದಲು ಮೈಕಿನಲ್ಲಿ ಒಂದೇ ಸಲ ಹೇಳಿದರೆ ಆಗದೇ?" ಎಂದು ಚನ್ನವೀರ ಕೇಳಿದ.

ಚನ್ನವೀರ ಮಠದ ಹಿರಿಯ ಶಿಷ್ಯ. ಕೆಲಸ ಬಲ್ಲವನು. ಗುರುಗಳಿಗೆ ವಯಸ್ಸಾಗಿದೆ, ದಿನವಿಡೀ ಬಗ್ಗಿದರೆ ಬೆನ್ನು ಹಿಡಿದುಕೊಳ್ಳುತ್ತದೆ ಎಂಬ ಕಾಳಜಿಯೂ ಆ ಪ್ರಶ್ನೆಯಲ್ಲಿತ್ತು. ಗುರುಗಳು ಆಗುತ್ತದೆ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಂದು ಆಸ್ಪತ್ರೆ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಅದರ ಚಿಕ್ಕ ಚಿಕ್ಕ ಚಿಕಿತ್ಸಾಲಯಗಳಿದ್ದವು. ಪ್ರತಿಯೊಂದರಲ್ಲೂ ಒಬ್ಬ ದಾದಿ, ಒಂದು ಕಂಪ್ಯೂಟರ್. ಬೆಳಿಗ್ಗೆ ದಾದಿ ತನ್ನ ಪಾಸ್‌ವರ್ಡ್ ಒತ್ತಿ ಕಂಪ್ಯೂಟರ್ ತೆರೆಯಬೇಕು. ಯಾರು ಬಂದರು, ಯಾರಿಗೆ ಯಾವ ಕಾಯಿಲೆ, ಯಾವ ಔಷಧಿ ಮುಗಿಯುತ್ತ ಬಂತು ಎಂದು ತುಂಬಬೇಕು. ತುಂಬಿದರೆ ಪಟ್ಟಣದಿಂದ ಔಷಧಿ ಬರುತ್ತದೆ. ತುಂಬದಿದ್ದರೆ ಬರುವುದಿಲ್ಲ.

ಆ ಆಸ್ಪತ್ರೆಗೆ ಒಮ್ಮೆ ಕೆಟ್ಟ ಹೆಸರು ಬಂತು. ಅಲ್ಲಿಯ ಒಬ್ಬ ಗುಮಾಸ್ತ ಆಸ್ಪತ್ರೆಯ ಹೆಸರನ್ನೇ ತನ್ನ ಪಾಸ್‌ವರ್ಡ್ ಮಾಡಿಕೊಂಡಿದ್ದ. ಯಾರೋ ಅದನ್ನು ಊಹಿಸಿ ಒಳಹೊಕ್ಕರು. ಮದುವೆ ಗೊತ್ತಾಗಿದ್ದ ಒಬ್ಬ ಹುಡುಗಿಗೆ ಮೂರ್ಛೆರೋಗವಿದೆ ಎಂಬ ಸಂಗತಿ ಬೀಗರಾಗುವವರ ಮನೆ ಮುಟ್ಟಿತು. ಮದುವೆ ಮುರಿಯಿತು. ಹುಡುಗಿಯ ತಂದೆ ಬಂದು ಆಸ್ಪತ್ರೆಯ ಬಾಗಿಲಲ್ಲಿ ಕುಳಿತ. ಬೈಯಲಿಲ್ಲ, ಕೂಗಲಿಲ್ಲ, ಯಾರು ಏನು ಕೇಳಿದರೂ ಮಾತಾಡಲಿಲ್ಲ. ಅದನ್ನು ನೋಡಲಾರದೆ ಮುಖ್ಯ ವೈದ್ಯೆ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕನನ್ನು ಕರೆಸಿದಳು. ಎಲ್ಲರ ಪಾಸ್‌ವರ್ಡನ್ನೂ ಇಂದೇ ಬದಲಿಸಬೇಕು, ಹಳೆಯದು ಒಂದೂ ಉಳಿಯಬಾರದು ಎಂದಳು.

ಮೇಲ್ವಿಚಾರಕ ಒಳ್ಳೆಯ ಮನುಷ್ಯ. ಒಬ್ಬೊಬ್ಬರಿಗೆ ಹೇಳಿ ಅವರವರೇ ಬದಲಿಸಿಕೊಳ್ಳುವಂತೆ ಮಾಡಬಹುದಿತ್ತು. ಆದರೆ ಅದಕ್ಕೆ ಬಹಳ ದಿನ ಹಿಡಿಯುತ್ತದೆ. ಅರ್ಧ ಜನ ಮರೆಯುತ್ತಾರೆ, ಉಳಿದರ್ಧ ಜನ ನಾಳೆ ಎನ್ನುತ್ತಾರೆ. ಅವನು ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ತೆರೆದ. ಒಂದು ಸಾಲಿಗೆ ಒಬ್ಬರಂತೆ ಎಲ್ಲರ ಹೆಸರು ಹಾಕಿದ. ಪ್ರತಿ ಹೆಸರಿನ ಮುಂದೆ ಯಾರೂ ಊಹಿಸಲಾಗದ ಹೊಸ ಪಾಸ್‌ವರ್ಡ್ ಇಟ್ಟ. ಹಾಳೆಯನ್ನು ವ್ಯವಸ್ಥೆಗೆ ಏರಿಸಿದ. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಆಗಿತ್ತು. ಪ್ರತಿಯೊಬ್ಬರ ಫೋನಿಗೂ ಅವರವರ ಹೊಸ ಪಾಸ್‌ವರ್ಡಿನ ಸಂದೇಶ ಹೋಯಿತು. ಜೊತೆಗೆ ಒಂದು ನಿಯಮವನ್ನೂ ಇಟ್ಟ. ಮುಂದೆ ಬೇಕಾದರೆ ಈ ಪಾಸ್‌ವರ್ಡನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು, ಆದರೆ ಒಮ್ಮೆ ಬಳಸಿದ್ದನ್ನು ಮತ್ತೆ ಇಡುವಂತಿಲ್ಲ.

ಸ್ವಲ್ಪ ಹೊತ್ತಿಗೆ ಫೋನುಗಳು ಬರತೊಡಗಿದವು. ಕೆಲವರ ಹೊಸ ಪಾಸ್‌ವರ್ಡ್ ಬರೀ ಅಂಕಿಗಳದ್ದಾಗಿತ್ತು. ಅದು ಸೊನ್ನೆಯಿಂದ ಶುರುವಾಗಿದ್ದರೆ ಹಾಳೆ ಅದನ್ನು ಸಂಖ್ಯೆ ಎಂದು ತಿಳಿದು ಮೊದಲ ಸೊನ್ನೆಯನ್ನು ನುಂಗಿಬಿಟ್ಟಿತ್ತು. ಸಂದೇಶದಲ್ಲಿ ಸೊನ್ನೆ ಇತ್ತು, ವ್ಯವಸ್ಥೆಯೊಳಗೆ ಇರಲಿಲ್ಲ. ಅವರಿಗೆ ಕಂಪ್ಯೂಟರಿನ ಬಾಗಿಲು ತೆರೆಯಲಿಲ್ಲ. ಮೇಲ್ವಿಚಾರಕ ತಪ್ಪು ಕಂಡುಹಿಡಿದು ಸಂಜೆಯೊಳಗೆ ಸರಿಪಡಿಸಿದ. ಇನ್ನು ಕೆಲವರಿಗೆ ಹೊಸದು ನೆನಪಿನಲ್ಲಿ ನಿಲ್ಲುವುದಿಲ್ಲ ಎಂಬ ತಕರಾರು. ಅವರು ತಮ್ಮ ಹಳೆಯ ಪಾಸ್‌ವರ್ಡುಗಳನ್ನು ಅವನು ಕೇಳದೆಯೇ ಹೇಳಿದರು. ಒಬ್ಬರದು ಮಗನ ಹೆಸರು ಮತ್ತು ಹುಟ್ಟಿದ ವರ್ಷ. ಒಬ್ಬರದು ಮನೆದೇವರು. ಒಬ್ಬರದು ಸ್ಕೂಟರಿನ ನಂಬರು. ಅದನ್ನೇ ಮತ್ತೆ ಕೊಡಿ ಎಂದು ಬೇಡಿದರು. ಅವನು ಒಪ್ಪಲಿಲ್ಲ. ಅವರೂ ಗೊಣಗಿ ಹೊಸದಕ್ಕೆ ಒಗ್ಗಿಕೊಂಡರು.

ಒಬ್ಬ ದಾದಿ ಮಾತ್ರ ಫೋನು ಮಾಡಲಿಲ್ಲ. ಅವಳದು ಬಸ್ಸು ಹೋಗುವ ಕೊನೆಯ ಹಳ್ಳಿ. ಅಂದಿನಿಂದ ಆ ಚಿಕಿತ್ಸಾಲಯದ ಕಂಪ್ಯೂಟರ್ ತೆರೆದದ್ದೇ ಇಲ್ಲ. ಮೇಲ್ವಿಚಾರಕ ತಾನೇ ಫೋನು ಮಾಡಿ ಸಂದೇಶ ಬಂದಿಲ್ಲವೇ ಎಂದು ಕೇಳಿದ. ಬಂದಿದೆ ಎಂದಳು. ಪಾಸ್‌ವರ್ಡ್ ಕೆಲಸ ಮಾಡುತ್ತಿಲ್ಲವೇ ಎಂದ. ಒತ್ತಿ ನೋಡಿಲ್ಲ ಎಂದಳು. ನೋಡಿ ಎಂದ. ಆಗಲಿ ಎಂದಳು. ಆದರೆ ಒತ್ತಲಿಲ್ಲ. ಎರಡನೆಯ ಸಲವೂ ಹೀಗೇ ಆಯಿತು. ಅವನು ಅವಳನ್ನು ಹಟಮಾರಿ ಎಂದುಕೊಂಡ. ಮುಖ್ಯ ವೈದ್ಯೆ ಅವಳಿಗೆ ನೋಟಿಸು ಕಳಿಸಿದಳು. ಕಂಪ್ಯೂಟರ್ ತೆರೆಯದಿದ್ದರೆ ಕೆಲಸ ಬಿಡಬೇಕಾದೀತು ಎಂದು ಅದರಲ್ಲಿತ್ತು. ಅದಕ್ಕೂ ಉತ್ತರ ಬರಲಿಲ್ಲ. ಕೊನೆಗೆ ಮೇಲ್ವಿಚಾರಕ ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ತಾನೇ ಬಸ್ಸು ಹತ್ತಿದ.

ಅವನು ಹೋದಾಗ ಚಿಕಿತ್ಸಾಲಯದ ಜಗಲಿಯ ಮೇಲೆ ಒಬ್ಬ ಕುರಿ ಕಾಯುವ ಮುದುಕ ಗೋಡೆಗೆ ಒರಗಿ ಕುಳಿತಿದ್ದ. ಸಕ್ಕರೆ ಕಾಯಿಲೆಯವನು. ಅವನ ಇಂಜೆಕ್ಷನ್ ಮುಗಿದಿತ್ತು. ಪಟ್ಟಣದಿಂದ ಹೊಸದು ಬಂದಿರಲಿಲ್ಲ. ಹಿಂದಿನ ದಿನ ಕುರಿಗಳ ನಡುವೆ ತಲೆ ತಿರುಗಿ ಬಿದ್ದವನನ್ನು ಊರವರು ಹೊತ್ತು ತಂದಿದ್ದರು. ದಾದಿ ಪಕ್ಕದ ಊರಿನ ಚಿಕಿತ್ಸಾಲಯಕ್ಕೆ ತಾನೇ ನಡೆದು ಹೋಗಿ, ಅಲ್ಲಿಯ ದಾದಿಯಿಂದ ಒಂದು ಬಾಟಲಿ ಕಡ ತಂದು ಚುಚ್ಚಿದ್ದಳು.

ಮೇಲ್ವಿಚಾರಕ ಅದನ್ನೆಲ್ಲ ಕೇಳಿ ತಿಳಿದ. ಸಿಟ್ಟು ಬಂತು. ಒಂದು ಪಾಸ್‌ವರ್ಡ್ ಒತ್ತಿದ್ದರೆ ಈ ಮುದುಕ ಬೀಳುತ್ತಿರಲಿಲ್ಲ ಎಂದ.

"ಹೌದು. ಅದು ನನ್ನ ತಪ್ಪೇ. ಇಲ್ಲ ಎನ್ನುವುದಿಲ್ಲ," ಎಂದಳು ದಾದಿ.

ಹಾಗಾದರೆ ಯಾಕೆ ಒತ್ತಲಿಲ್ಲ ಎಂದು ಅವನು ಕೇಳಿದ. ಅವಳು ಹೇಳಿದಳು. ಹೊಸದನ್ನು ಒತ್ತಿದರೆ ಹಳೆಯದು ಹೋಗುತ್ತದೆ ಎಂದು ಅವಳು ತಿಳಿದಿದ್ದಳು. ಒತ್ತದೆ ಇರುವಷ್ಟು ದಿನ ಅದು ಒಳಗೆ ಹಾಗೇ ಇರುತ್ತದೆ ಎಂದುಕೊಂಡಿದ್ದಳು. ಈ ಕೆಲಸಕ್ಕೆ ಸೇರಿದ ದಿನ ಇಟ್ಟ ಪಾಸ್‌ವರ್ಡ್ ಅದು. ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಕುಳಿತು ಅದನ್ನು ಒಂದು ಸಲ ಒತ್ತುವುದು ಅವಳಿಗೆ ರೂಢಿಯಾಗಿತ್ತು.

ಮೇಲ್ವಿಚಾರಕನಿಗೆ ಈಗ ನಿಜ ಹೇಳದೆ ದಾರಿಯಿರಲಿಲ್ಲ. ಹಳೆಯದು ಈಗ ಒಳಗೆ ಇಲ್ಲ, ಹಾಳೆ ಏರಿಸಿದ ದಿನವೇ ಎಲ್ಲರದರ ಜೊತೆ ಅದೂ ಹೋಯಿತು ಎಂದ.

ದಾದಿ ಕುರ್ಚಿಯ ಮೇಲೆ ಕುಳಿತಳು. ಅತ್ತಳೆಂದಲ್ಲ. ಮೇಜಿನ ಮೇಲಿದ್ದ ಹತ್ತಿಯ ಉಂಡೆಗಳನ್ನು ಎತ್ತಿ ಡಬ್ಬಿಗೆ ಹಾಕಿದಳು. ಮುಚ್ಚಳ ಹಾಕಿದಳು.

ಅವನಿಗೆ ಕನಿಕರವಾಯಿತು. ನಿಯಮವನ್ನು ಸ್ವಲ್ಪ ಸಡಿಲಿಸಿ ಹಳೆಯದನ್ನೇ ಮತ್ತೆ ಇಡಲು ತನಗೆ ಬರುತ್ತದೆ ಎಂದ. ಬೇರೆ ಯಾರಿಗೂ ಮಾಡದ್ದನ್ನು ಅವಳಿಗೆ ಮಾಡುತ್ತೇನೆ ಎಂದ. ಲ್ಯಾಪ್‌ಟಾಪ್ ಬಿಚ್ಚಿ ಹಾಳೆ ತೆರೆದು ಅವಳ ಹೆಸರಿನ ಸಾಲು ಹುಡುಕಿ, ಅದರ ಮುಂದಿದ್ದ ಹೊಸ ಪಾಸ್‌ವರ್ಡನ್ನು ಹಾಳೆಯಿಂದ ಅಳಿಸಿದ.

"ಅದೇನಿತ್ತು ಹೇಳಿ. ಇಲ್ಲಿ ತುಂಬುತ್ತೇನೆ."

ದಾದಿ ಆ ಹಾಳೆಯನ್ನು ನೋಡಿದಳು. ಸಾಲು ಸಾಲಾಗಿ ಹೆಸರುಗಳಿದ್ದವು. ತನ್ನ ಹೆಸರಿನ ಮುಂದೆ ಒಂದು ಖಾಲಿ ಚೌಕವಿತ್ತು.

"ಅದನ್ನು ಇದುವರೆಗೆ ನಾನು ಬಾಯಿಬಿಟ್ಟು ಹೇಳಿಲ್ಲ," ಎಂದಳು.

ಇಲ್ಲಿ ಕೇಳುವವರು ಯಾರೂ ಇಲ್ಲ, ನಾನೂ ಮರೆತುಬಿಡುತ್ತೇನೆ ಎಂದು ಅವನು ನಂಬಿಸಿದ. ಅವಳು ಹೇಳಲಿಲ್ಲ. ನೋಟಿಸಿನ ವಿಷಯ ನೆನಪಿಸಿದ, ಕೆಲಸ ಹೋದೀತು ಎಂದ. ಅದಕ್ಕೂ ಹೇಳಲಿಲ್ಲ. ಆ ಹೊತ್ತಿಗೆ ಹೊರಗೆ ಮುದುಕ ಕೆಮ್ಮಿದ. ದಾದಿ ಎದ್ದು ಹೋಗಿ ಅವನಿಗೆ ನೀರು ಕುಡಿಸಿ ಬಂದಳು. ಬಂದವಳು ಚಿಕಿತ್ಸಾಲಯದ ಕಂಪ್ಯೂಟರಿನ ಮುಂದೆ ಕುಳಿತಳು. ಫೋನು ತೆಗೆದು, ಸಂದೇಶದಲ್ಲಿದ್ದ ಹೊಸ ಪಾಸ್‌ವರ್ಡನ್ನು ನೋಡಿ ನೋಡಿ ಒಂದೊಂದೇ ಅಕ್ಷರ ಒತ್ತಿದಳು. ಬಾಗಿಲು ತೆರೆಯಿತು. ಮೊದಲು ಮುದುಕನ ಇಂಜೆಕ್ಷನ್ನಿಗೆ ಬರೆದಳು. ಆಮೇಲೆ ಉಳಿದವರ ಔಷಧಿಗೆ. ಅಷ್ಟು ದಿನ ಕಾಗದದಲ್ಲಿ ಬರೆದಿಟ್ಟದ್ದನ್ನೆಲ್ಲ ತುಂಬತೊಡಗಿದಳು.

"ಮುಗಿಯಿತು. ನೀವಿನ್ನು ಬಸ್ಸಿಗೆ ಹೋಗಿ," ಎಂದಳು.

ಮೇಲ್ವಿಚಾರಕ ಬಂದ ಕೆಲಸ ಆಗಿತ್ತು. ಅವನು ಹೋಗಬಹುದಿತ್ತು. ಹೋಗಲಿಲ್ಲ. ಬಹಳ ಹೊತ್ತು ಅವಳು ತುಂಬುವುದನ್ನೇ ನೋಡುತ್ತ ನಿಂತ. ಫೋನಿನಲ್ಲಿ ತನಗೆ ಮಗನ ಹೆಸರು, ದೇವರ ಹೆಸರು ಒಪ್ಪಿಸಿದವರೆಲ್ಲ ಅವನಿಗೆ ನೆನಪಾದರು. ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕಾಣುವುದಿಲ್ಲ, ಒಂದೊಂದು ಅಕ್ಷರಕ್ಕೆ ಒಂದೊಂದು ಚುಕ್ಕೆ ಮಾತ್ರ ಕಾಣುತ್ತದೆ. ಇಷ್ಟು ವರ್ಷ ಆ ಚುಕ್ಕೆಗಳನ್ನು ನೋಡಿದವನಿಗೆ ಅದರ ಹಿಂದೆ ಒಂದು ಮಾತು ಇದ್ದೀತು ಎಂದು ಹೊಳೆದಿರಲಿಲ್ಲ.

ಅವನು ಮತ್ತೆ ಕುಳಿತ. ಈ ಸಲ ಹಾಳೆ ತೆರೆಯಲಿಲ್ಲ. ಹಳೆಯದನ್ನು ತಡೆಯುವ ನಿಯಮವನ್ನು ಅವಳೊಬ್ಬಳಿಗೆ ಮಾತ್ರ ತೆಗೆದ. ಕಂಪ್ಯೂಟರಿನಲ್ಲಿ ಹೊಸ ಪಾಸ್‌ವರ್ಡ್ ಇಡುವ ಪುಟವನ್ನು ತೆರೆದುಕೊಟ್ಟ. ನಿಮಗೆ ಬೇಕಾದ್ದನ್ನು ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಹೊರಗೆ ಹೋದ. ಕದ ಎಳೆದುಕೊಂಡ. ಮುದುಕನ ಪಕ್ಕದಲ್ಲಿ, ಚಿಕಿತ್ಸಾಲಯಕ್ಕೆ ಬೆನ್ನು ಹಾಕಿ ನಿಂತ. ಮುದುಕ ಯಾವ ಊರಾಯಿತು ಎಂದು ಕೇಳಿದ. ಅವನು ಹೇಳಿದ. ಅಲ್ಲಿ ಮೇವು ಹೇಗಿದೆ ಎಂದು ಕೇಳಿದ. ಅವನಿಗೆ ಗೊತ್ತಿರಲಿಲ್ಲ.

ಒಳಗಿನಿಂದ ಆಯಿತು ಎಂಬ ದನಿ ಬಂದ ಮೇಲೆ ಅವನು ಕದ ತೆಗೆದ. ದಾದಿ ಅವನಿಗೆ ಬೆಲ್ಲ ಮತ್ತು ನೀರು ಕೊಟ್ಟಳು. ಅವನು ಕುಡಿದು ಬಸ್ಸಿಗೆ ಹೋದ.

ವಿಷಯ ಮುಖ್ಯ ವೈದ್ಯೆಗೆ ತಿಳಿಯಿತು. ನಿಯಮ ತೆಗೆದರೆ ಅದು ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಅವಳು ಅವನನ್ನು ಕರೆಸಿ, ಹಳೆಯದು ಒಂದೂ ಉಳಿಯಬಾರದು ಎಂದಿದ್ದೆನಲ್ಲ ಎಂದಳು. ಬಾಗಿಲಲ್ಲಿ ಬಂದು ಕುಳಿತ ಆ ತಂದೆಯನ್ನು ಮರೆತೆಯಾ ಎಂದಳು. ಅವನು ಮರೆತಿಲ್ಲ ಎಂದ. ಆ ದಾದಿಯ ಹಳೆಯ ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿಲ್ಲ ಎಂದ.

"ಅದು ನಿನಗೆ ಹೇಗೆ ಗೊತ್ತು?"

"ಕೆಲಸ ಹೋಗುತ್ತದೆ ಎಂದರೂ ಅವರು ನನಗೆ ಹೇಳಲಿಲ್ಲ."

ಮುಖ್ಯ ವೈದ್ಯೆ ನೋಟಿಸನ್ನು ಹಿಂದಕ್ಕೆ ಪಡೆದಳು. ಆದರೆ ಕೇಳದೆ ನಿಯಮ ಮೀರಿದ್ದಕ್ಕೆ ಮೇಲ್ವಿಚಾರಕನ ಆ ವರ್ಷದ ಬಡ್ತಿಯನ್ನು ತಡೆದಳು. ಅವನು ಅದಕ್ಕೆ ಎದುರು ಹೇಳಲಿಲ್ಲ. ತಪ್ಪು ಎಂದು ಒಪ್ಪಿದನೋ, ಆಗಲಿ ಎಂದು ಬಿಟ್ಟನೋ, ಅದು ಯಾರಿಗೂ ಗೊತ್ತಿಲ್ಲ. ಮುಂದೆ ಮತ್ತೊಮ್ಮೆ ಎಲ್ಲರ ಪಾಸ್‌ವರ್ಡ್ ಬದಲಿಸಬೇಕಾಗಿ ಬಂದಾಗ ಅವನು ಹಾಳೆ ಮಾಡಲಿಲ್ಲ. ಒಂದೊಂದು ಹಳ್ಳಿಗೂ ಹೋಗಿ, ಪುಟ ತೆರೆದುಕೊಟ್ಟು, ಅವರವರ ಕೈಯಿಂದಲೇ ಇಡಿಸಿದ. ತಿಂಗಳುಗಟ್ಟಲೆ ಹಿಡಿಯಿತು. ಇವನಿಗೆ ಮೊದಲಿನ ಚುರುಕಿಲ್ಲ ಎಂದು ಆಸ್ಪತ್ರೆಯಲ್ಲಿ ಆಡಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಕೈಕಟ್ಟಿ ಕೇಳುತ್ತಿದ್ದ. ಅವನ ಮನಸ್ಸು ಇನ್ನೂ ಆ ಚಿಕಿತ್ಸಾಲಯದಲ್ಲೇ ಇತ್ತು. ತೀರಿಹೋದ ಗಂಡನ ಹೆಸರಿದ್ದೀತೇ, ಕಳೆದುಕೊಂಡ ಮಗುವಿನದೇ ಎಂದು ಅವನು ತನ್ನೊಳಗೇ ಹುಡುಕುತ್ತಿದ್ದ. ತಡೆಯಲಾರದೆ ಕೇಳಿಯೇಬಿಟ್ಟ.

"ಗುರುಗಳೇ, ಆ ದಾದಿಯ ಪಾಸ್‌ವರ್ಡ್ ಏನಾಗಿತ್ತು?"

ಗುರುಗಳು ಅವನ ಮುಖವನ್ನು ನೋಡಿದರು.

"ಅವನು ಕದ ಎಳೆದುಕೊಂಡು ಹೊರಗೆ ನಿಂತ, ಚನ್ನವೀರ, ನೀನು ಒಳಗೇ ಉಳಿದೆ."