ರಕ್ತನಿಧಿ ಎಂಬ ಹೆಸರಿನ ಎರಡು ಸಾಲು

ಶಿಷ್ಯ ಇಮ್ತಿಯಾಜ್ ಕೇಳಿದ: "ಮೇಷ್ಟ್ರೇ, ಬ್ಯಾಕಪ್ ತಂತ್ರಾಂಶ ಜಾಲದಲ್ಲಿರುವ ಡೇಟಾಬೇಸ್ ಸರ್ವರ್‌ಗಳನ್ನೆಲ್ಲ ತಾನೇ ಹುಡುಕಿ ತೋರಿಸುತ್ತದೆ. ಆದರೂ ಒಂದೊಂದನ್ನೂ ನಾವೇ ನೋಡಿ ನೋಂದಾಯಿಸಬೇಕು ಎನ್ನುತ್ತೀರಿ. ಏಕೆ?"

ಮೇಷ್ಟ್ರು ಈ ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಸುಗಂಧಿ ಎಂಬವಳು ಕಂಪ್ಯೂಟರ್‌ಗಳ ಉಸ್ತುವಾರಿಗೆ ಸೇರಿದಳು. ಆಸ್ಪತ್ರೆಯ ದಾಖಲೆಗಳಿಗೆಲ್ಲ ದಿನವೂ ಒಂದು ನಕಲು ತೆಗೆದಿಡುವ ವ್ಯವಸ್ಥೆ ಮಾಡುವುದು ಅವಳ ಮೊದಲ ಕೆಲಸ. ತಂತ್ರಾಂಶಕ್ಕೆ ಹುಡುಕಲು ಹೇಳಿದಳು. ಅದು ಸರ್ವರ್‌ಗಳ ಪಟ್ಟಿ ಕೊಟ್ಟಿತು. ಪಟ್ಟಿಯಲ್ಲಿ 'ರಕ್ತನಿಧಿ' ಎಂಬ ಹೆಸರು ಎರಡು ಸಾಲುಗಳಲ್ಲಿತ್ತು. ಹೆಸರಿನ ಮುಂದಿದ್ದ ವಿಳಾಸದ ಅಂಕಿಗಳು ಮಾತ್ರ ಬೇರೆ.

ಸುಗಂಧಿಗೆ ಗೊಂದಲವಾಯಿತು. ಹಿರಿಯ ಸಹೋದ್ಯೋಗಿ ವೆಂಕೋಬರಾಯರನ್ನು ಕೇಳಿದಳು.

"ಒಂದೇ ಯಂತ್ರಕ್ಕೆ ಎರಡು ವಿಳಾಸವಿದ್ದರೆ ಎರಡು ಸಲ ಕಾಣುತ್ತದಮ್ಮ" ಎಂದರು ಅವರು. "ಒಂದನ್ನು ತೆಗೆದುಬಿಡಿ."

ಅವರ ಮಾತು ಸುಳ್ಳಲ್ಲ. ಹಾಗೆಯೂ ಆಗುವುದುಂಟು. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ರಕ್ತನಿಧಿಯ ಒಂದು ಭಾಗವಿದ್ದ ಹಳೆಯ ಕಟ್ಟಡಕ್ಕೆ ಹೋಗಿ ನೋಡಿ ಬರೋಣವೇ ಎಂದುಕೊಂಡಳು. ಅಷ್ಟರಲ್ಲಿ ಯಾರೋ ಕರೆದರು. ಅವಳು ಒಂದು ಸಾಲನ್ನು ಅಳಿಸಿ, ಇನ್ನೊಂದನ್ನು ನೋಂದಾಯಿಸಿದಳು. ಅಂದಿನಿಂದ ಪರದೆಯ ಮೇಲೆ ದಿನವೂ ರಕ್ತನಿಧಿಯ ಮುಂದೆ ಹಸಿರು ಗುರುತು ಬೀಳುತ್ತಿತ್ತು.

ಏಳು ತಿಂಗಳ ಮೇಲೆ ಹಳೆಯ ಕಟ್ಟಡದಲ್ಲಿದ್ದ ರಕ್ತನಿಧಿಯ ಸರ್ವರ್ ಸುಟ್ಟುಹೋಯಿತು. ತಿಂಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳಲೇಬೇಕಾದ ಮಕ್ಕಳ ದಾಖಲೆಗಳು ಅದರಲ್ಲಿದ್ದವು. ಸುಗಂಧಿ ಧೈರ್ಯದಿಂದಲೇ ನಕಲನ್ನು ತೆರೆದಳು. ರಕ್ತ ಕೊಟ್ಟವರ ಹೆಸರುಗಳು ಬಂದವು. ಮಕ್ಕಳ ಹೆಸರು ಒಂದೂ ಇಲ್ಲ. ಮತ್ತೆ ತೆರೆದಳು. ಹೆಸರು ರಕ್ತನಿಧಿ, ಗುರುತು ಹಸಿರು, ತಾರೀಖು ನಿನ್ನೆಯದು. ಎಲ್ಲವೂ ಸರಿಯಾಗಿದ್ದು ಮಕ್ಕಳು ಮಾತ್ರ ಎಲ್ಲಿ ಹೋದರೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ತಾನು ಅಳಿಸಿದ ಸಾಲು ಬೇರೆಯೇ ಯಂತ್ರದ್ದು.

ಆ ದಿನ ಗಂಗವ್ವ ಎಂಬ ತಾಯಿ ಬಿಳಿಚಿದ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿಗೆ ಯಾವ ರಕ್ತ ಹೊಂದುವುದಿಲ್ಲ ಎಂದು ನರ್ಸ್ ಕೇಳಿದ್ದಕ್ಕೆ ಅವಳು ಕಂಗಾಲಾದಳು. "ಈಕಿಗೆ ಯಾವ ರಕ್ತ ಕೂಡಂಗಿಲ್ಲ ಅಂತ ನೀವ ಬರಕೊಂಡಿದ್ರಲ್ಲವ್ವಾ? ನನ್ನನ್ನ ಕೇಳಿದ್ರ ನಾ ಏನ್ ಹೇಳ್ಲಿ?"

ಸುಗಂಧಿ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡಬೇಕಾಯಿತು. ಎರಡು ದಿನ ಮಗು ಕಣ್ಣು ತೆರೆಯಲೂ ಆಗದೆ ಮಲಗಿತ್ತು. ಮೂರನೆಯ ದಿನ ಹೊಂದುವ ರಕ್ತ ಸಿಕ್ಕಿತು, ಮಗು ಉಳಿಯಿತು. ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಸಿ ದಾಖಲೆ ಮತ್ತೆ ಬರೆಯಲು ಸುಗಂಧಿಗೆ ಒಂದು ವರ್ಷ ಹಿಡಿಯಿತು.

ಮೇಷ್ಟ್ರು ಕತೆ ನಿಲ್ಲಿಸಿದರು.

ಇಮ್ತಿಯಾಜ್ ಕೇಳಿದ: "ಹಾಗಾದರೆ ಹುಡುಕುವ ತಂತ್ರಾಂಶವನ್ನು ನಂಬಬಾರದು ಎಂದಾಯಿತಲ್ಲ?"

"ಅದು ಎರಡನ್ನೂ ತೋರಿಸಿತ್ತು" ಎಂದರು ಮೇಷ್ಟ್ರು.

ಇಮ್ತಿಯಾಜ್ ಸರ್ವರ್‌ಗಳ ಪಟ್ಟಿ ತೆರೆದು, ಮೊದಲ ಸಾಲಿನಿಂದ ಒಂದೊಂದನ್ನೂ ನೋಡತೊಡಗಿದ.