ಉಗ್ರಾಣಕ್ಕೆ ಬೀಗ ಹಾಕಿಸಿದ ಅಡುಗೆಯವನು

"ಗುರುಗಳೇ, ಇಷ್ಟೇ ಇಷ್ಟು ಸಾಮಾನಿನಲ್ಲಿ ಒಳ್ಳೆಯ ಊಟ ಮಾಡುವುದು ಹೇಗೆ?" ಎಂದು ಶಿಷ್ಯ ಶಿವರುದ್ರ ಕೇಳಿದ.

ಆ ತಿಂಗಳು ಮಠದ ಅಡುಗೆ ಅವನ ಪಾಲಿಗೆ ಬಂದಿತ್ತು. ಮಧ್ಯಾಹ್ನ ಬೇರೆ ಮಠದ ಹಿರಿಯರೊಬ್ಬರು ಊಟಕ್ಕೆ ಬರುವವರಿದ್ದರು. ಶಿವರುದ್ರ ಇನ್ನೂ ಒಲೆ ಹಚ್ಚಿರಲಿಲ್ಲ. ಡಬ್ಬಿಗಳ ಮುಚ್ಚಳ ತೆಗೆಯುವುದು, ಇಣುಕುವುದು, ಮತ್ತೆ ಮುಚ್ಚುವುದು, ಇದರಲ್ಲೇ ಅವನ ಬೆಳಗು ಕಳೆದಿತ್ತು. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯಾದರೂ ಒಲೆಯ ಮುಂದೆ ಅವನೇ ಇರಬೇಕು. ಊರಿಗೆ ಊರನ್ನೇ ಉಣಿಸುವುದು ಅವನಿಗೆ ಗೊತ್ತಿತ್ತು. ತನ್ನ ಮನೆಯಲ್ಲಿ ಏನು ಉಣ್ಣುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ವರ್ಷದ ಬಹುಪಾಲು ಅವನ ಊಟ ಮದುವೆಮನೆಗಳಲ್ಲೇ ಆಗುತ್ತಿತ್ತು.

ಆಷಾಢ ಬಂತು. ಆಷಾಢದಲ್ಲಿ ಮದುವೆಗಳಿಲ್ಲ. ಮದುವೆ ಇಲ್ಲದ ಮೇಲೆ ಅಡುಗೆಯವನಿಗೆ ಸಂಪಾದನೆಯೂ ಇಲ್ಲ. ಅವನು ಮನೆಯಲ್ಲಿ ಕುಳಿತು ಹೆಂಡತಿಯ ಸಾರಿಗೆ ಹೆಸರಿಡತೊಡಗಿದ. ಇದಕ್ಕೆ ತುಪ್ಪದ ಒಗ್ಗರಣೆ ಬೀಳಬೇಕಿತ್ತು, ಇದಕ್ಕೆ ಗೋಡಂಬಿ ಅರೆದು ಹಾಕಬೇಕಿತ್ತು ಎನ್ನುತ್ತಿದ್ದ. ಹೆಂಡತಿ ಹೂಂ ಎನ್ನುತ್ತಿದ್ದಳು. ಇಷ್ಟೆಲ್ಲ ಹೇಳುತ್ತಲೇ ಅವನು ತಟ್ಟೆ ಬಳಿದು ಉಣ್ಣುತ್ತಿದ್ದ.

ಒಂದು ಮಧ್ಯಾಹ್ನ ಪಕ್ಕದ ಊರಿನ ಪಟೇಲ ಹೇಳದೆ ಕೇಳದೆ ಬಂದುಬಿಟ್ಟ. ಶ್ರಾವಣದಲ್ಲಿ ಅವನ ಮಗಳ ಮದುವೆ. ಅಷ್ಟು ದೊಡ್ಡ ಮದುವೆ ಆ ಸೀಮೆಯಲ್ಲೇ ಆಗಿರಲಿಲ್ಲ. ಆ ಕೆಲಸ ಸಿಕ್ಕರೆ ಮುಂದಿನ ಆಷಾಢದವರೆಗೂ ಮನೆಗೆ ಚಿಂತೆ ಇರಲಿಲ್ಲ. ಅಡುಗೆಯವನು ಅತಿಥಿಯನ್ನು ಜಗಲಿಯ ಮೇಲೆ ಕೂರಿಸಿ, ಊಟ ಮಾಡಿಕೊಂಡೇ ಹೋಗಬೇಕೆಂದು ಉಪಚಾರದ ಮಾತಾಡಿ ಒಳಗೆ ಬಂದು ನೋಡಿದ. ಇದ್ದದ್ದು ಇಷ್ಟೇ. ಮನೆಯವರಿಗೆಂದು ನೆನೆಹಾಕಿದ್ದ ಒಂದು ಹಿಡಿ ಹುರುಳಿ, ಒಂದಿಷ್ಟು ರಾಗಿಹಿಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು. ಬೇಳೆ ಇಲ್ಲ, ತೆಂಗಿನಕಾಯಿ ಇಲ್ಲ, ತುಪ್ಪದ ಮಾತಂತೂ ಇಲ್ಲವೇ ಇಲ್ಲ. ನನ್ನ ಮಾನ ಹೋಯಿತು ಎಂದು ಅವನು ಅಲ್ಲೇ ಕುಸಿದು ಕುಳಿತ. ಹೆಂಡತಿ ಅವನ ಪಕ್ಕದಿಂದಲೇ ಹಾದು ಹಿತ್ತಲಿಗೆ ಹೋದಳು.

ಹಿತ್ತಲಲ್ಲಿ ಮಳೆಗೆ ತಾನಾಗಿ ಎದ್ದ ಅಣ್ಣೆಸೊಪ್ಪು ಇತ್ತು. ಅದನ್ನು ಕಿತ್ತು ತಂದು ಹುರುಳಿಯ ಜೊತೆ ಬೇಯಿಸಿ ನೀರು ಬಸಿದಳು. ಬಸಿದ ನೀರಿನಲ್ಲಿ ಸಾರು ಮಾಡಿದಳು, ಉಳಿದ ಕಾಳು ಸೊಪ್ಪಿನಲ್ಲಿ ಪಲ್ಯ ಮಾಡಿದಳು. ತೆಂಗಿನಕಾಯಿ ಇರಲಿಲ್ಲವಾದ್ದರಿಂದ ಬೆಂದ ಹುರುಳಿಯನ್ನೇ ಒಂದಿಷ್ಟು ಅರೆದು ಹಾಕಿದಳು. ಹುಣಸೆಹಣ್ಣು ಇರಲಿಲ್ಲವಾದ್ದರಿಂದ ಹಿತ್ತಲ ಗಿಡದ ನಿಂಬೆ ಹಿಂಡಿದಳು. ಮುದ್ದೆ ಕಟ್ಟಿದಳು.

ಪಟೇಲ ಒಂದು ಮುದ್ದೆ ಉಂಡ. ಇನ್ನೊಂದು ಕೇಳಿದ. ಅದು ಗಂಡಹೆಂಡಿರ ಪಾಲಿನದು, ಅದನ್ನೂ ಉಂಡ. ಕೈ ತೊಳೆದ ಮೇಲೆ, ಇಂಥ ಸಾರು ಮಾಡುವ ಕೈಗೇ ಮಗಳ ಮದುವೆ ಒಪ್ಪಿಸಿದ್ದೇನೆ, ಚಪ್ಪರದ ದಿನ ಬೀಗರಿಗೆ ಇದೇ ಸಾರು ಬಡಿಸಬೇಕು ಎಂದ. ಕೈ ಯಾರದು ಎಂದು ಅವನು ಕೇಳಲಿಲ್ಲ. ಅಡುಗೆಯವನು ಹೇಳಲೂ ಇಲ್ಲ. ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಚಪ್ಪರದ ದಿನ ಬಂತು. ಪಟೇಲನ ಉಗ್ರಾಣ ನೋಡಿ ಅಡುಗೆಯವನ ಕಣ್ಣು ತಂಪಾಯಿತು. ಏನೂ ಇಲ್ಲದ ಮನೆಯಲ್ಲೇ ಅಷ್ಟು ರುಚಿಯಾದ ಸಾರು, ಎಲ್ಲ ಇರುವ ಮನೆಯಲ್ಲಿ ಇನ್ನೆಷ್ಟು ರುಚಿಯಾಗಬೇಡ ಎಂದುಕೊಂಡ. ಹುರುಳಿಗೆ ತೊಗರಿಬೇಳೆ ಬೆರೆಸಿ, ತೆಂಗಿನಕಾಯಿ ಅರೆದು, ತುಪ್ಪದಲ್ಲಿ ಒಗ್ಗರಣೆ ಕೊಟ್ಟ. ಪಟೇಲ ಒಂದು ಗುಟುಕು ಕುಡಿದು, ಇದು ಅದಲ್ಲ ಎಂದ. ಏನೋ ಕಡಿಮೆ ಬಿದ್ದಿರಬೇಕೆಂದು ಅಡುಗೆಯವನು ಗೋಡಂಬಿ ಸೇರಿಸಿದ. ಇದು ಅದರ ಹತ್ತಿರಕ್ಕೂ ಬರಲಿಲ್ಲ ಎಂದ ಪಟೇಲ. ಅಡುಗೆಯವನು ಹಠಕ್ಕೆ ಬಿದ್ದು ಕೇಸರಿ ಉದುರಿಸಿದ. ಈ ಸಲ ರುಚಿ ನೋಡಲು ಪಟೇಲ ತಾನು ಬಾರದೆ ಆಳನ್ನು ಕಳಿಸಿದ. ಆಳು ಮೂಸಿ ನೋಡಿ, ತನಗೆ ಬೇರೆ ಕೆಲಸವಿದೆ ಎಂದು ಹೊರಟುಹೋದ.

ಪಟೇಲನಿಗೆ ಸಿಟ್ಟು ಬಂತು. ಮಧ್ಯಾಹ್ನದ ಪಂಕ್ತಿಗೆ ಆ ಸಾರು ಬಾರದಿದ್ದರೆ ನಾಳೆಯ ಮದುವೆ ಬೇರೆ ಅಡುಗೆಯವನಿಗೆ ಎಂದು ಹೇಳಿ ಕಳಿಸಿದ. ಆ ಬೇರೆ ಅಡುಗೆಯವನು ಆಗಲೇ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಅವನನ್ನು ಕಂಡದ್ದೇ ನಮ್ಮ ಅಡುಗೆಯವನು ಹಿಂಬಾಗಿಲಿನಿಂದ ಬಿದ್ದಂಬೀಳ ಮನೆಗೆ ಓಡಿದ. ಅವತ್ತು ಸಾರಿಗೆ ಏನು ಹಾಕಿದ್ದೆ ಎಂದು ಏದುಸಿರು ಬಿಡುತ್ತಾ ಹೆಂಡತಿಯನ್ನು ಕೇಳಿದ.

"ಹಾಕಿದ್ದು ನೀವೇ ನೋಡಿದೀರಿ," ಎಂದಳು ಅವಳು. "ಅವತ್ತು ಮನೇಲಿ ಏನೇನು ಇರಲಿಲ್ವೋ ಅದನ್ನ ಇವತ್ತೂ ಹಾಕಬೇಡಿ, ಅಷ್ಟೇ. ಆದ್ರೆ ನಿಮ್ಮ ಕೈ ಸುಮ್ನಿರಲ್ಲ. ಮೊದ್ಲು ಹೋಗಿ ಉಗ್ರಾಣಕ್ಕೆ ಬೀಗ ಹಾಕ್ಸಿ."

ಉಗ್ರಾಣದ ಬೀಗದ ಕೈ ಮದುಮಗಳ ಸೋದರಮಾವನ ಸೊಂಟದಲ್ಲಿತ್ತು. ಇನ್ನಷ್ಟು ತುಪ್ಪ ಕೊಡಿ, ಇನ್ನಷ್ಟು ಬೆಲ್ಲ ಕೊಡಿ ಎಂದು ಪೀಡಿಸುವ ಅಡುಗೆಯವರನ್ನೇ ಅವನು ಜನ್ಮವಿಡೀ ಕಂಡಿದ್ದ. ಹುರುಳಿ, ರಾಗಿಹಿಟ್ಟು, ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ಇಷ್ಟು ಹೊರಗಿಟ್ಟು ಬೀಗ ಹಾಕಿ, ನಾನು ಕಾಲಿಗೆ ಬಿದ್ದರೂ ತೆಗೆಯಬೇಡಿ ಎಂದ ಅಡುಗೆಯವನನ್ನು ಕಂಡು ಅವನಿಗೆ ಅನುಮಾನ ಬಂತು. ಇವನು ಸಣ್ಣಪುಟ್ಟ ಕಳ್ಳನಲ್ಲ ಎಂದುಕೊಂಡ. ಬೀಗ ಜಡಿದು, ಮಣೆ ಹಾಕಿಕೊಂಡು ಒಲೆಯ ಪಕ್ಕದಲ್ಲೇ ಕಾವಲು ಕುಳಿತ.

ಅದು ಒಳ್ಳೆಯದೇ ಆಯಿತು. ಮದುವೆಗೆ ಬಂದ ಹೆಂಗಸರು ಪಟೇಲನ ಹಿತ್ತಲಿನ ಅಣ್ಣೆಸೊಪ್ಪನ್ನೆಲ್ಲ ಕಿತ್ತು, ನಿಂಬೆಯನ್ನೂ ಕೊಯ್ದು ಕೊಟ್ಟರು. ಹುರುಳಿ ಬೆಂದಿತು, ನೀರು ಬಸಿದದ್ದಾಯಿತು, ನಿಂಬೆ ಹಿಂಡಿದ್ದಾಯಿತು. ಸಾರು ಕುದಿಯುವ ಹೊತ್ತಿಗೆ ಅಡುಗೆಯವನ ಕೈ ತಾನಾಗಿ ಎಲ್ಲೋ ಉಳಿದಿದ್ದ ತುಪ್ಪದ ಗಿಂಡಿಯ ಕಡೆ ಹೋಯಿತು. ಸೋದರಮಾವ ಕಣ್ಣು ಕೆಂಪಗೆ ಮಾಡಿದ. ಕೈ ಹಿಂದೆ ಬಂತು.

ಮಧ್ಯಾಹ್ನದ ಪಂಕ್ತಿಯಲ್ಲಿ ಬೀಗರು ಹೋಳಿಗೆಯನ್ನು ಎಲೆಯ ಮೂಲೆಗೆ ಸರಿಸಿ ಸಾರಿಗೆ ಕೈ ಒಡ್ಡಿದರು. ಕಂಬಕ್ಕೆ ಒರಗಿದ್ದವನು ಕಾದು ಕಾದು ಹಸಿವು ತಾಳದೆ ತಾನೂ ಎಲೆಯ ಮುಂದೆ ಕುಳಿತ. ಪಟೇಲ ಎಲ್ಲರ ಎದುರಿಗೇ ಅಡುಗೆಯವನನ್ನು ಕರೆದು, ಇದಕ್ಕೆ ಏನೇನು ಹಾಕಿದೆ ಎಂದು ಕೇಳಿದ.

"ಹಾಕಿದ್ದು ಹೇಳೋದು ಸುಲಭ ಪಟೇಲರೇ," ಎಂದ ಅಡುಗೆಯವನು. "ಹಾಕದೆ ಬಿಟ್ಟಿದ್ದನ್ನ ಹೇಳ್ತಾ ಕೂತ್ರೆ ನಾಳೆ ಮುಹೂರ್ತ ಮೀರಿಹೋಗುತ್ತೆ."

ಪಂಕ್ತಿಯೆಲ್ಲ ನಕ್ಕಿತು. ಅಡುಗೆಯವನಿಗೆ ಮಾತ್ರ ನಾಚಿಕೆಯಾಯಿತು. ಇಷ್ಟು ದಿನ ತಾನು ಹೆಸರಿಟ್ಟ ಸಾರೇ ತನ್ನ ಹೆಸರು ಉಳಿಸಿತಲ್ಲ ಎಂದು ಅವನ ಮನಸ್ಸು ಕರಗಿತು. ಅದು ತನ್ನ ಸಾರಲ್ಲ, ಹೆಂಡತಿಯದು ಎಂದು ಅಲ್ಲೇ ಹೇಳಿಬಿಟ್ಟ. ಪಟೇಲ ಮದುವೆಯ ಕೆಲಸವನ್ನು ಅವನಿಗೇ ಬಿಟ್ಟು, ಅವಳನ್ನು ಕರೆತರಲು ಗಾಡಿ ಕಳಿಸಿದ.

ಕತೆ ಮುಗಿಯಿತು. ಶಿವರುದ್ರ ಮತ್ತೆ ಡಬ್ಬಿಗಳ ಕಡೆ ನೋಡಿದ. ಅವನ ಮುಖ ಗೆಲುವಾಗಲಿಲ್ಲ.

"ಆ ತಾಯಿಗಾದರೆ ಹುರುಳಿ ಇತ್ತು, ಸೊಪ್ಪಿತ್ತು, ನಿಂಬೆಯಿತ್ತು ಗುರುಗಳೇ. ನಮ್ಮಲ್ಲಿರುವುದು ಅಕ್ಕಿ, ಮಜ್ಜಿಗೆ, ಅರ್ಧ ಕುಂಬಳಕಾಯಿ. ಮೂರೇ ಮೂರು."

ಗುರುಗಳು ಹುಬ್ಬೇರಿಸಿದರು.

"ಮೂರೇ? ಒಂದು ಹೆಚ್ಚಾಯಿತಲ್ಲ."