ಹೊಗೆ ಕೊಳವೆಗೆ ಮಣ್ಣು ತುರುಕಿದ ನಿಂಗಕ್ಕ

ಮಕ್ಕಳೇ, ಕಲ್ಲುಬಾಳೆ ಗುಡ್ಡದ ಕಾಡಿನಲ್ಲೊಂದು ಬಿಲವಿತ್ತು. ಅಲ್ಲಿ ನಿಂಗಕ್ಕ ಎಂಬ ಮುಳ್ಳುಹಂದಿ ತನ್ನ ಎರಡು ಮರಿಗಳೊಂದಿಗೆ ಇದ್ದಳು. ಖುಷಿಯಾಗಲಿ, ಸಿಟ್ಟು ಬರಲಿ, ಅವಳ ಮೈಮೇಲಿನ ಮುಳ್ಳುಗಳೆಲ್ಲ ಝಲ್ಲೆನ್ನುತ್ತಿದ್ದವು. ಅವಳ ಮನಸ್ಸಿನಲ್ಲಿರುವುದು ಇಡೀ ಕಾಡಿಗೇ ಗೊತ್ತಾಗಿಬಿಡುತ್ತಿತ್ತು!

ಆ ದಿನವಂತೂ ಮುಳ್ಳುಗಳಿಗೆ ಬಿಡುವೇ ಇರಲಿಲ್ಲ. ಮನೆಗೆ ಸೌದೆ ಒಲೆ ಬಂದಿತ್ತು! ಇನ್ನು ಮರಿಗಳು ಚಳಿಗೆ ನಡುಗಬೇಕಾಗಿರಲಿಲ್ಲ.

ಒಲೆ ತಂದ ಹೆಗ್ಗಣ ದುಗ್ಗಪ್ಪ ಅದನ್ನು ಚಪ್ಪಡಿ ಕಲ್ಲಿನ ಮೇಲೆ ಕೂರಿಸಿದ. ಹುಲ್ಲಿನ ಹಾಸಿಗೆಯನ್ನು ದೂರಕ್ಕೆ ಎಳೆದ. ಬಿಲದ ನೆತ್ತಿ ಕೊರೆದು, ಮಣ್ಣಿನ ಕೊಳವೆಯನ್ನು ಮೇಲಕ್ಕೆ ಏರಿಸಿದ.

“ನಿಂಗಕ್ಕಾ, ಈ ಕೊಳವೆಗೆ ಮಾತ್ರ ಏನೂ ಅಡ್ಡ ಬರಬಾರದು. ಹೊಗೆ ಹೊರಗೆ ಹೋಗಲೇಬೇಕು” ಎಂದ.

“ಆಯ್ತು, ಆಯ್ತು! ನೀನು ಮೊದಲು ಬೆಂಕಿ ಹಚ್ಚು ಮಾರಾಯ!”

ಬೆಂಕಿ ಹತ್ತಿತು! ಬಿಲ ಬೆಚ್ಚಗಾಯಿತು! ಮರಿಗಳು ಕುಣಿದದ್ದೇ ಕುಣಿದದ್ದು.

ಮರುದಿನ ಬೆಳಿಗ್ಗೆ ಸೌದೆಗೆಂದು ಹೊರಬಂದ ನಿಂಗಕ್ಕ ಮೇಲೆ ನೋಡುತ್ತಾಳೆ, ಕೊಳವೆಯ ಸುತ್ತ ಕೋತಿಗಳ ದಂಡು! ಮುದುಕಿ ಗೌರಜ್ಜಿ ಕೊಳವೆಗೆ ಮಂಡಿ ಆನಿಸಿ ಕೂತಿದ್ದಾಳೆ.

“ಒಲೆ ಚೆನ್ನಾಗಿದೆ ಕಣೇ ನಿಂಗೀ! ನನ್ನ ಮಂಡಿನೋವು ಅರ್ಧ ಇಳೀತು!”

ನಿಂಗಕ್ಕನ ಮುಳ್ಳುಗಳು ಝಲ್ಲೆಂದವು. ಸೌದೆ ಹೊತ್ತು ಸೊಂಟ ಬಿದ್ದದ್ದು ನನ್ನದು, ಮೈ ಕಾಯಿಸಿಕೊಳ್ಳುವವರು ಇವರು! ಅವಳಿಗೆ ಹೊಟ್ಟೆ ಉರಿದುಹೋಯಿತು.

ಕೋತಿಗಳು ಹಣ್ಣು ಹುಡುಕಲು ಹೋದದ್ದೇ ತಡ, ಅವಳು ಹಸಿಮಣ್ಣಿನ ಉಂಡೆಯೊಂದನ್ನು ಕೊಳವೆಯ ಬಾಯಿಗೆ ತುರುಕಿದಳು. ಒಳಗೆ ಬಂದು ಬಿಲದ ಬಾಗಿಲಿಗೂ ಕಲ್ಲು ಉರುಳಿಸಿದಳು.

“ಇನ್ನು ಚೂರು ಬಿಸಿಯೂ ಹೊರಗೆ ಹೋಗಲ್ಲ!” ಎಂದು ಬೀಗುತ್ತಾ ಒಲೆಗೆ ಇನ್ನಷ್ಟು ಸೌದೆ ಒಟ್ಟಿದಳು.

ಬಿಸಿ ಹೋಗಲಿಲ್ಲ, ನಿಜ. ಹೊಗೆಯೂ ಹೋಗಲಿಲ್ಲ! ಅದು ಒಲೆಯ ಬಾಯಿಂದ ಒಳಕ್ಕೇ ನುಗ್ಗಿತು.

“ಅವ್ವಾ, ಉಸಿರು ಕಟ್ತಿದೆ!” ಎಂದು ಮರಿಗಳು ಕೆಮ್ಮಿದವು.

ನಿಂಗಕ್ಕ ಬಾಗಿಲಿಗಾಗಿ ತಡಕಾಡಿದಳು. ಹೊಗೆಯಲ್ಲಿ ಬರೀ ಗೋಡೆಯೇ ಕೈಗೆ ಸಿಕ್ಕಿತು. ಕೂಗಲು ಹೋದರೆ ಕೆಮ್ಮು. ಚಿಕ್ಕ ಮರಿ ಕುಸಿದು ಬಿತ್ತು. ನಿಂಗಕ್ಕನ ಜೀವವೇ ಬಾಯಿಗೆ ಬಂತು. ಮುಳ್ಳುಗಳು ಝಲ್ ಝಲ್ ಎಂದು ಹೊಡೆದುಕೊಂಡವು.

ಅಷ್ಟರಲ್ಲಿ ಕೋತಿಗಳು ಹಣ್ಣು ತಿಂದು ಮರಳಿದ್ದವು. ಮೇಲಿನಿಂದ ಗೌರಜ್ಜಿಯ ದನಿ!

“ಇದೇನ್ರೋ, ಕೊಳವೆ ತಣ್ಣಗಿದೆ? ಕೆಳಗೆ ನಿಂಗಿಯ ಮುಳ್ಳಿನ ಸದ್ದು ಕೇಳಿ! ಇದು ಖುಷಿಯದ್ದಲ್ಲ. ಕೀಳ್ರೋ ಆ ಮಣ್ಣು! ಬಾಗಿಲ ಕಲ್ಲು ತಳ್ಳಿ!”

ಉಂಡೆ ಹಾರಿತು! ಕಲ್ಲು ಉರುಳಿತು! ಹೊಗೆ ಬುಸ್ಸೆಂದು ಮೇಲೇರಿತು. ಕೋತಿಗಳು ಮೂವರನ್ನೂ ಹೊರಗೆಳೆದವು. ತಂಗಾಳಿ ಸೋಕಿದ್ದೇ ಚಿಕ್ಕ ಮರಿ ಕಣ್ಣು ಬಿಟ್ಟಿತು. ನಿಂಗಕ್ಕ ಅದನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು.

“ಅಲ್ಲಿ ಮಣ್ಣು ತುರುಕಿದವರು ಯಾರೇ?” ಗೌರಜ್ಜಿ ಕೇಳಿದಳು.

ನಿಂಗಕ್ಕನ ಒಂದು ಮುಳ್ಳೂ ಅಲ್ಲಾಡಲಿಲ್ಲ. “ನಾನೇ ಅಜ್ಜಿ. ನಿಮಗೆ ಬಿಸಿ ಸಿಗಬಾರದು ಅಂತ…”

ಗೌರಜ್ಜಿ ಅವಳನ್ನೇ ನೋಡಿದಳು. ಆಮೇಲೆ ಮಂಡಿ ಉಜ್ಜಿಕೊಂಡಳು.

“ಹೋಗು, ಮತ್ತೆ ಬೆಂಕಿ ಹಚ್ಚು. ನಾನು ಕೊಳವೆ ಹತ್ರಾನೇ ಕೂತಿರ್ತೀನಿ. ಅದು ತಣ್ಣಗಾದರೆ ಮೊದಲು ಗೊತ್ತಾಗೋದು ನನ್ನ ಮಂಡಿಗೇ!”

ನೀತಿ: ನೆರೆಯವರಿಗೆ ಸಿಗಬಾರದೆಂದು ಹೊಗೆಯ ದಾರಿ ಮುಚ್ಚಿದರೆ, ಉಸಿರು ಕಟ್ಟುವುದು ನಮ್ಮ ಮನೆಯವರಿಗೇ.